ತಿಮಿಂಗಿಲಕ್ಕೆ ಉದ್ದನೆಯ ತೋಳು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲವದು. ಬೆಟ್ಟಗಳು ಮೆತ್ತಗಿದ್ದವು. ಹೊಳೆಗಳು ಇನ್ನೂ ದಾರಿ ಹುಡುಕಿಕೊಳ್ಳುತ್ತಿದ್ದವು. ಕಡಲಿಗೆ ಮಾತ್ರ ತನ್ನ ಜಾಗ ಗೊತ್ತಿತ್ತು.

ಆ ಕಡಲಲ್ಲಿ ಒಬ್ಬಳು ಗೂನುಬೆನ್ನಿನ ತಿಮಿಂಗಿಲ ಇದ್ದಳು. ಆಗ ಅವಳ ಈಜುರೆಕ್ಕೆಗಳು ತೀರಾ ಗಿಡ್ಡ. ಅಷ್ಟು ದೊಡ್ಡ ಮೈಗೆ ಎರಡು ವೀಳ್ಯದೆಲೆ ಅಂಟಿಸಿದ ಹಾಗೆ ಕಾಣುತ್ತಿದ್ದವು. ಆದರೆ ಈಜಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಿಂಡು ಹೊರಟರೆ ಎಲ್ಲರಿಗಿಂತ ಮುಂದೆ ಅವಳೇ.

ಒಂದು ಬೆಳಿಗ್ಗೆ ಅವಳಿಗೆ ಮರಿ ಹುಟ್ಟಿತು. ತಿಮಿಂಗಿಲದ ಮರಿ ನೀರಿನಲ್ಲೇ ಹುಟ್ಟಿದರೂ ಉಸಿರಿಗಾಗಿ ಮೇಲೆ ಬರಲೇಬೇಕು. ಈ ಮರಿಗೆ ಬಾಲ ಬಡಿಯುವಷ್ಟೂ ಶಕ್ತಿ ಇರಲಿಲ್ಲ. ಮೆಲ್ಲಗೆ ಕೆಳಕ್ಕೆ ಇಳಿಯತೊಡಗಿತು.

ತಾಯಿ ಮೂತಿಯಿಂದ ಎತ್ತಿದಳು. ಮರಿ ಒಂದು ಉಸಿರು ಎಳೆದುಕೊಂಡಿತು, ಮತ್ತೆ ಜಾರಿತು. ಬೆನ್ನ ಮೇಲೆ ಹೊತ್ತಳು. ಒಂದು ಉಸಿರು ಎಳೆದುಕೊಂಡಿತು, ಅಲ್ಲಿಂದಲೂ ಜಾರಿತು.

"ಗಾಳಿಯಣ್ಣಾ, ನನ್ನ ಮರಿಗೆ ಒಂಚೂರು ಉಸಿರು ಕೆಳಗೆ ತಂದುಕೊಡು," ಎಂದಳು.

"ನೀರಿನ ಮೇಲಷ್ಟೇ ನನ್ನ ಓಡಾಟ, ತಂಗಿ. ಒಳಗೆ ಬರಲಿಕ್ಕೆ ದಾರಿಯಿಲ್ಲ," ಎಂದಿತು ಗಾಳಿ. "ದಡದ ತನಕ ನೂಕಿಕೊಡ್ತೇನೆ. ಅಲ್ಲಿ ಯಾರಾದರೂ ಸಿಕ್ಕಾರು."

ಗಾಳಿ ಹಿಂದಿನಿಂದ ನೂಕಿತು. ತಾಯಿ ಮರಿಯನ್ನು ಎತ್ತುತ್ತ, ಜಾರಿದರೆ ಮತ್ತೆ ಎತ್ತುತ್ತ ದಡದ ಬಂಡೆಗಳ ಹತ್ತಿರ ಬಂದಳು.

ಅಲ್ಲಿ ದುರ್ಗಿ ಎಂಬ ಹೆಂಗಸು ಬಂಡೆಗೆ ಅಂಟಿದ ಚಿಪ್ಪು ಕೀಳುತ್ತಿದ್ದಳು. ಕೂಸು ಅವಳ ಸೊಂಟದ ಮೇಲಿತ್ತು.

"ನಿನ್ನ ಕೂಸು ಜಾರುವುದಿಲ್ಲವೇ, ಅಕ್ಕಾ?" ಎಂದು ತಿಮಿಂಗಿಲ ಕೇಳಿದಳು.

"ಜಾರದೆ ಏನು? ತೋಳಲ್ಲಿ ಹಿಡ್ಕೊಳ್ತೇನೆ."

"ನನಗೆ ತೋಳಿಲ್ಲ."

ದುರ್ಗಿ ಅವಳ ಮೈಯನ್ನೆಲ್ಲ ನೋಡಿದಳು. "ಇದೆಯಲ್ಲ ಮಾರಾಯ್ತಿ. ಗಿಡ್ಡ ಇದೆ, ಅಷ್ಟೇ. ಕಡಲನ್ನ ಕೇಳು. ಮರಳಿನ ದಂಡೆಯನ್ನ ಎಳೆದೆಳೆದು ಇಷ್ಟುದ್ದ ಮಾಡಿದ್ದು ಅದೇ."

ದುರ್ಗಿ ಕೂಸನ್ನು ಬುಟ್ಟಿಯಲ್ಲಿಟ್ಟು ಎತ್ತರದ ಬಂಡೆಯ ಮೇಲೆ ಕೂರಿಸಿದಳು. ತಾನು ನೀರಿಗಿಳಿದು ಮರಿಯ ತಲೆಯಡಿಗೆ ಹೆಗಲು ಕೊಟ್ಟಳು. ಮರಿ ದೋಣಿಯಷ್ಟು ಭಾರ. ಅದರ ಅರ್ಧ ಮೈ ಬಂಡೆಗೆ ಒರಗಿದ್ದರಿಂದ ಹೇಗೋ ತಡೆದುಕೊಂಡಳು.

"ಕಡಲಮ್ಮಾ, ನನ್ನ ರೆಕ್ಕೆ ಎಳೆದು ಉದ್ದ ಮಾಡು," ಎಂದಳು ತಿಮಿಂಗಿಲ.

ಕಡಲು ಕೂಡಲೇ ಒಪ್ಪಲಿಲ್ಲ. "ಎಳೀಬಹುದು ಮಗಳೇ. ಆದರೆ ಆಮೇಲೆ ನಿನ್ನ ಓಟ ಹೋಗ್ತದೆ. ಹಿಂಡಿನವರು ಮುಂದೆ ಹೋಗಿಬಿಡ್ತಾರೆ. ನಾನು ಒಮ್ಮೆ ಎಳೆದದ್ದನ್ನ ಮತ್ತೆ ಗಿಡ್ಡ ಮಾಡಲಿಕ್ಕೆ ಬರುವುದಿಲ್ಲ."

ತಿಮಿಂಗಿಲ ಹಿಂಡು ಇದ್ದ ದಿಕ್ಕಿಗೆ ತಿರುಗಿದಳು. ಎಲ್ಲರಿಗಿಂತ ಮುಂದೆ, ಯಾರೂ ಕಲಕದ ನೀರನ್ನು ಸೀಳಿಕೊಂಡು ಹೋಗುವುದೆಂದರೆ ಅವಳಿಗೆ ಪ್ರಾಣ.

ಅಷ್ಟರಲ್ಲಿ ಉಬ್ಬರ ಏರುತ್ತಿತ್ತು. ನೀರು ದುರ್ಗಿಯ ಎದೆಗೆ ಬಂತು, ಕುತ್ತಿಗೆಗೆ ಬಂತು. ದುರ್ಗಿ ಅವಸರ ಮಾಡಲಿಲ್ಲ. "ನಾನು ಇಲ್ಲೇ ಇದ್ದೇನೆ," ಎಂದಳು.

ತಿಮಿಂಗಿಲ ಮರಿಯ ಕಡೆ ನೋಡಿದಳು.

"ಎಳಿ," ಎಂದಳು.

ಕಡಲು ಅಲೆಗಳ ಮುಷ್ಟಿಯಲ್ಲಿ ಎರಡೂ ರೆಕ್ಕೆಗಳನ್ನು ಬಿಗಿಹಿಡಿದು ಎಳೆಯಿತು. ನೋವಿಗೆ ಅವಳ ಬೆನ್ನು ಇನ್ನಷ್ಟು ಬಾಗಿತು. ಅಲೆಗಳು ಬಿಗಿಹಿಡಿದ ಕಡೆಯೆಲ್ಲ ರೆಕ್ಕೆಯ ಅಂಚು ಗಂಟುಗಂಟಾಯಿತು. ಕಡಲು ಕೈಬಿಟ್ಟಾಗ ರೆಕ್ಕೆಗಳು ತೆಂಗಿನ ಗರಿಯಷ್ಟು ಉದ್ದವಾಗಿದ್ದವು.

ತಾಯಿ ಒಂದು ತೋಳನ್ನು ಮರಿಯ ಹೊಟ್ಟೆಯಡಿಗೆ ಚಾಚಿ ಮೆಲ್ಲಗೆ ಎತ್ತಿದಳು. ಈ ಸಲ ಮರಿ ಜಾರಲಿಲ್ಲ. ನೆತ್ತಿಯಿಂದ ಪುಸ್ ಎಂದು ಉಸಿರು ಚಿಮ್ಮಿಸಿತು. ಹನಿಗಳು ಬುಟ್ಟಿಯಲ್ಲಿದ್ದ ಕೂಸಿನ ಮುಖದ ಮೇಲೆ ಬಿದ್ದವು. ಕೂಸು ಕಣ್ಣು ಪಿಳಿಪಿಳಿ ಬಿಟ್ಟಿತು.

"ಹೋಗಿಬಾ ತಂಗಿ," ಎಂದು ದುರ್ಗಿ ಒದ್ದೆ ಸೀರೆ ಹಿಂಡಿಕೊಂಡು ಬಂಡೆ ಹತ್ತಿದಳು.

ಕಡಲು ಹೇಳಿದ ಹಾಗೇ ಆಯಿತು. ಹಿಂಡಿನವರು ಒಬ್ಬೊಬ್ಬರಾಗಿ ಅವಳನ್ನು ದಾಟಿಹೋದರು. ಅವಳು ಹಿಂದೆ ಉಳಿದಳು. ಮೊದಮೊದಲು ಬೇಸರವಾಗುತ್ತಿತ್ತು. ಆಗೆಲ್ಲ ಮರಿ ಬಂದು ಅವಳ ತೋಳಿಗೆ ಮೈ ಉಜ್ಜುತ್ತಿತ್ತು. ಅವಳು ಅದರ ವೇಗಕ್ಕೆ ತಕ್ಕಂತೆ ಈಜುತ್ತಿದ್ದಳು.

ಅದಕ್ಕೇ ಮಗಾ, ಇಂದಿಗೂ ಗೂನುಬೆನ್ನಿನ ತಿಮಿಂಗಿಲ ಗಂಟುಗಂಟಾದ ಉದ್ದ ತೋಳುಗಳನ್ನು ಚಾಚಿಕೊಂಡು ನಿಧಾನವಾಗಿ ಹೋಗುತ್ತಾಳೆ, ಅವಳ ಪಕ್ಕದಲ್ಲಿ ತೋಳು ಮುಟ್ಟುವಷ್ಟು ಹತ್ತಿರ ಒಂದು ಮರಿ ಇರುತ್ತದೆ.