ಚಪ್ಪಡಿಯ ಮೇಲಿನ ಡಬ್ಬ

“ಬುದ್ಧಿ, ಒಬ್ಬನೇ ಒಬ್ಬನಿಗಾಗಿ ಬಾಗಿಲು ತೆರೆದಿಡಬೇಕೆ?”

ಶಂಭುಲಿಂಗ ಈ ಪ್ರಶ್ನೆ ಕೇಳಿದಾಗ ಸಂಜೆಯಾಗಿತ್ತು. ಪೇಟೆಯ ನಡುವಿನ ಆ ಸಣ್ಣ ಮಠದಲ್ಲಿ, ಮತ್ತಿನ ಮದ್ದಿಗೆ ಬಿದ್ದವರಿಗಾಗಿ ಅವನು ಪ್ರತಿ ಭಾನುವಾರ ಒಂದು ಕೂಟ ನಡೆಸುತ್ತಿದ್ದ. ಯಾರೂ ಹೇಳಿರಲಿಲ್ಲ, ತಾನೇ ಹಠ ಹಿಡಿದು ಗುರುಗಳ ಅಪ್ಪಣೆ ಪಡೆದು ಶುರು ಮಾಡಿದ್ದು. ಮೊದಲ ವಾರ ಇಪ್ಪತ್ತು ಜನ ಬಂದಿದ್ದರು. ವರ್ಷ ತುಂಬುವುದರೊಳಗೆ ಒಬ್ಬೊಬ್ಬರಾಗಿ ಜಾರಿಕೊಂಡು ಈಗ ಒಬ್ಬನೇ ಉಳಿದಿದ್ದ. ಅವನಾದರೂ ಏನು, ಬಂದು ಮೂಲೆಯಲ್ಲಿ ಕೂರುತ್ತಿದ್ದ, ಹೇಳಿದ್ದನ್ನು ಕೇಳುತ್ತಿದ್ದ, ಕೊಟ್ಟ ಕಾಫಿ ಕುಡಿದು ಎದ್ದುಹೋಗುತ್ತಿದ್ದ. ಚಟ ಬಿಟ್ಟನೋ ಇಲ್ಲವೋ ಒಂದು ಮಾತೂ ಆಡುತ್ತಿರಲಿಲ್ಲ. ಇಪ್ಪತ್ತು ಚಾಪೆ ಹಾಸಿ, ಹತ್ತೊಂಬತ್ತನ್ನು ಯಾರೂ ಕೂರದೆ ಹಾಗೇ ಸುತ್ತಿಟ್ಟು ಶಂಭುಲಿಂಗನಿಗೆ ಸಾಕುಸಾಕಾಗಿತ್ತು. ಬರುವ ವಾರದಿಂದ ಕೂಟ ನಿಲ್ಲಿಸುತ್ತೇನೆ ಎಂದು ಹೇಳಲೆಂದೇ ಬಂದಿದ್ದ. ಗುರುಗಳ ಮುಂದೆ ನಿಂತಾಗ ಅದು ಪ್ರಶ್ನೆಯಾಗಿ ಹೊರಬಂತು.

ಗುರುಗಳಿಗೂ ಅಂದು ದಣಿವಾಗಿತ್ತು. ಬೆಳಗಿನಿಂದ ಬಂದವರ ಕಷ್ಟವನ್ನೆಲ್ಲ ಕೇಳಿ ಅವರ ದನಿ ಕುಗ್ಗಿತ್ತು. ಕೂರು ಎಂದು ಕೈಸನ್ನೆ ಮಾಡಿದರು. ಉಪದೇಶ ಮಾಡುವಷ್ಟು ತ್ರಾಣ ಉಳಿದಿಲ್ಲ, ಕತೆಯಾದರೆ ಹೇಳಬಲ್ಲೆ ಎಂದು ಶುರು ಮಾಡಿದರು.

ಒಂದು ನಗರದ ನಡುವೆ ಒಂದು ಕೆರೆ ಇತ್ತು. ಅದರಲ್ಲಿ ಒಬ್ಬ ಮೀನುಗಾರ ಮೀನು ಹಿಡಿದು ಬದುಕುತ್ತಿದ್ದ. ಕೆರೆಯ ಸುತ್ತ ಊರು ಬೆಳೆಯಿತು, ಕೆರೆಗೆ ಗೋಡೆ ಬಂತು, ಗೋಡೆ ಒಂದು ಕಡೆ ಒಡೆಯಿತು, ಆ ಕಂಡಿಯಿಂದ ಬರಬಾರದ್ದೆಲ್ಲ ಒಳಗೆ ಬಂತು. ಆದರೂ ಅವನು ಕೆರೆ ಬಿಡಲಿಲ್ಲ. ಅವನದು ಎಳೆಬಲೆ. ಅದಕ್ಕೆ ಎರಡು ತುದಿ, ಒಂದೊಂದು ತುದಿಗೆ ಒಂದೊಂದು ಆಳು. ಒಂದನ್ನು ಅವನು ಹಿಡಿದರೆ ಇನ್ನೊಂದನ್ನು ಅವನ ಹೆಂಡತಿ ಹಿಡಿಯುತ್ತಿದ್ದಳು. ಮಂಡಿಯುದ್ದದ ನೀರಿನಲ್ಲಿ ಇಬ್ಬರೂ ಬಲೆ ಎಳೆದುಕೊಂಡು ದಡಕ್ಕೆ ಬರುವುದು ಮೂವತ್ತು ವರ್ಷದ ರೂಢಿಯಾಗಿತ್ತು.

ಅವರ ಜನರಲ್ಲಿ ಒಂದು ಕಟ್ಟಳೆ ಇತ್ತು. ಕೆರೆಯೆಂದರೆ ಅವರಿಗೆ ಗಂಗಮ್ಮ. ಗಂಗಮ್ಮನ ಮೈಮೇಲೆ ಮೆಟ್ಟು ಹಾಕಿ ಕಾಲಿಡುವಂತಿಲ್ಲ. ದಡದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಅದರ ಈಚೆಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಅದರ ಮೇಲೆ ನಿಂತು, ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಇಳಿಯಬೇಕು. ಭಾನುವಾರ ಗಾಳ ಹಾಕಲು ಬರುತ್ತಿದ್ದ ಶೋಕಿಯವರು ಮಂಡಿಯವರೆಗೆ ಬರುವ ಬೂಟು ಹಾಕಿಕೊಂಡು ನೀರಿಗಿಳಿಯುತ್ತಿದ್ದರು. ಅವರಲ್ಲೊಬ್ಬ ಮೀನುಗಾರನ ಹೆಂಡತಿಗೂ ಒಂದು ಜೊತೆ ಬೂಟು ತಂದುಕೊಟ್ಟ. ಆಕೆ ಅದರಲ್ಲಿ ಮಣ್ಣು ತುಂಬಿ ಮನೆಯ ಮುಂದೆ ದೊಡ್ಡಪತ್ರೆ ನೆಟ್ಟಳು. ಕೊಟ್ಟವನಿಗೆ ಬೇಜಾರಾಗಬಾರದಲ್ಲ ಎಂದಳಂತೆ.

ಹೀಗಿರುವಾಗ ದಡದಲ್ಲಿ ಸೂಜಿಗಳು ಕಾಣಿಸಿಕೊಂಡವು. ಸಂಜೆ ಗೋಡೆಯ ಕಂಡಿಯಿಂದ ಹುಡುಗರು ಬಂದು ಹುಲ್ಲಿನಲ್ಲಿ ಕೂತು ತೋಳಿಗೆ ಚುಚ್ಚಿಕೊಂಡು, ಸಿರಿಂಜನ್ನು ಕೂತಲ್ಲೇ ಎಸೆದುಹೋಗುತ್ತಿದ್ದರು. ಮೀನುಗಾರನಿಗೆ ತನ್ನ ಕಾಲಿನ ಚಿಂತೆಯಿರಲಿಲ್ಲ, ಹೆಂಡತಿಯ ಕಾಲಿನ ಚಿಂತೆ ಹತ್ತಿತು. ಯಾರ ಯಾರ ರಕ್ತವೋ ಅಂಟಿದ ಸೂಜಿ ಅದು. ಒಮ್ಮೆ ಚುಚ್ಚಿದರೆ ಯಾವ ಕಾಯಿಲೆ ಒಳಗೆ ಹೋಗುತ್ತದೋ ಹೇಳುವವರಿಲ್ಲ. ಆಕೆ ಬರಿಗಾಲು ಬಿಡುವುದಿಲ್ಲ, ಆಕೆಯಿಲ್ಲದೆ ಬಲೆ ಬರುವುದಿಲ್ಲ. ಅದಕ್ಕೆ ಅವನು ದಿನವೂ ಆಕೆಗಿಂತ ಒಂದು ಗಂಟೆ ಮೊದಲೇ ಬಂದು, ಇಕ್ಕಳ ಹಿಡಿದು, ದಡವನ್ನೆಲ್ಲ ಬಗ್ಗಿ ಹುಡುಕಿ ಸೂಜಿ ಹೆಕ್ಕತೊಡಗಿದ. ವಾರ್ಡಿನ ಕಚೇರಿಗೆ ಹೋಗಿ ದೂರು ಕೊಟ್ಟ. ಅವರು ಇಲ್ಲಿ ಕಸ ಹಾಕಬಾರದು ಎಂದು ಒಂದು ಬೋರ್ಡು ನೆಟ್ಟರು. ಬೋರ್ಡಿನ ಬುಡದಲ್ಲಿ ಒರಗಿ ಕೂರಲು ಅನುಕೂಲವಾದ್ದರಿಂದ ಮರುದಿನದಿಂದ ಅಲ್ಲೇ ಹೆಚ್ಚು ಸೂಜಿ ಬಿದ್ದವು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಒಂದು ಎಣ್ಣೆ ಡಬ್ಬ ತಂದು, ಮುಚ್ಚಳದಲ್ಲಿ ಬೆರಳು ತೂರುವಷ್ಟು ತೂತು ಕೊರೆದು, ಚಪ್ಪಡಿಯ ಮೇಲಿಟ್ಟು ತಂತಿಯಿಂದ ಕಟ್ಟಿದ. ಬೇಡ ಎಂದರೆ ಬಿಡುವವರಲ್ಲ, ಹಾಕುವುದಾದರೆ ಇದರೊಳಗಾದರೂ ಹಾಕಲಿ ಎಂದುಕೊಂಡ. ಆ ದಾರಿಯಾಗಿ ಹೋಗುತ್ತಿದ್ದ ಹುಡುಗರಿಗೆಲ್ಲ ಡಬ್ಬ ತೋರಿಸಿದ. ಅವರು ನಕ್ಕರು.

ಮಾರನೆಯ ದಿನ ದಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೂಜಿ ಬಿದ್ದಿದ್ದವು. ಡಬ್ಬ ಅಲ್ಲಾಡಿಸಿದರೆ ಒಳಗೆ ಒಂದು ಇತ್ತು. ಅದರ ಮಾರನೆಯ ದಿನವೂ ಹಾಗೆಯೇ. ತಿಂಗಳು ಕಳೆಯಿತು, ಮಳೆಗಾಲ ಕಳೆಯಿತು. ದಡದ ಮೇಲೆ ಒಂದು ದಿನ ಹತ್ತು, ಒಂದು ದಿನ ಮೂವತ್ತು. ಡಬ್ಬದೊಳಗೆ ಮಾತ್ರ ದಿನಕ್ಕೊಂದು. ಅವನು ವಾರಕ್ಕೊಮ್ಮೆ ಡಬ್ಬವನ್ನು ಆಸ್ಪತ್ರೆಯ ಕಸದವರಿಗೆ ಒಪ್ಪಿಸಿ ಬರುತ್ತಿದ್ದ. ಈ ಒಂದನ್ನು ಯಾರೋ ತನ್ನನ್ನು ಆಡಿಕೊಳ್ಳಲು ಹಾಕುತ್ತಿದ್ದಾರೆ ಎಂದು ಅವನ ತಲೆಗೆ ಹೊಕ್ಕಿತು. ಹೆಂಡತಿಗೆ ಹಾಗನ್ನಿಸಿರಲಿಲ್ಲ.

“ಒಂದಾದರೂ ಬೀಳ್ತದಲ್ಲ, ಅಷ್ಟೇ ಸಾಕು ಬಿಡಿ,” ಎಂದಳು.

“ಒಂದು ಬಿದ್ದರೆ ನಿನ್ನ ಕಾಲು ಉಳೀತದಾ?” ಎಂದು ಅವನು ರೇಗಿದ.

ನೋಡು ಶಂಭುಲಿಂಗ, ಅವನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸು ಬರುವುದಿಲ್ಲ. ಅರವತ್ತು ದಾಟಿದ ಬೆನ್ನು. ಬೆಳಗಾದರೆ ಬಗ್ಗಬೇಕು, ಬಗ್ಗಿದಷ್ಟೂ ಮತ್ತೆ ಬೀಳುತ್ತದೆ. ಹೊಗಳುವವರಿಲ್ಲ, ಜೊತೆಗೆ ಬರುವವರಿಲ್ಲ. ಗಾಳದವರು ತಮ್ಮ ಬೂಟು ನೋಡಿಕೊಂಡು ಸುಮ್ಮನಿದ್ದರು. ನೀನಾಗಿದ್ದರೂ ನಾನಾಗಿದ್ದರೂ ಇನ್ನೂ ಮೊದಲೇ ಬಿಟ್ಟುಬಿಡುತ್ತಿದ್ದೆವು.

ಒಂದು ದಿನ ದಡದಲ್ಲಿ ನಲವತ್ತು ಸೂಜಿ ಸಿಕ್ಕವು, ಡಬ್ಬದಲ್ಲಿ ಒಂದು. ಅಂದು ಅವನು ಬೇಸತ್ತುಹೋದ. ಮಧ್ಯಾಹ್ನ ತಂತಿ ಬಿಚ್ಚಿ ಡಬ್ಬವನ್ನು ಹೊತ್ತುಕೊಂಡು ಮನೆಗೆ ಹೋದ. ಊರಾಚೆ ಇನ್ನೊಂದು ಕೆರೆಯಿದೆ, ಅಲ್ಲಿ ಜಾಗ ಕೊಡುತ್ತಾರಂತೆ, ನಾಳೆ ಕೊನೆಯ ಬಾರಿ ಬಲೆ ಎಳೆದು ಈ ಕೆರೆಗೆ ಕೈಮುಗಿದುಬಿಡೋಣ ಎಂದು ಹೆಂಡತಿಗೆ ಹೇಳಿದ. ಆಕೆ ಆಗಲಿ ಎಂದಳು.

ಕೊನೆಯ ದಿನವೆಂದು ಅವನು ಕೆಲಸ ಕದಿಯಲಿಲ್ಲ. ಎಂದಿನಂತೆ ಮೊದಲೇ ಬಂದು ಇಕ್ಕಳ ಹಿಡಿದು ದಡವನ್ನು ಮೂಲೆಮೂಲೆ ಹುಡುಕಿದ. ಚಪ್ಪಡಿಯೊಂದನ್ನು ಬಿಟ್ಟು. ಚಪ್ಪಡಿಯ ಮೇಲೆ ಎಂದೂ ಸೂಜಿ ಬಿದ್ದದ್ದಿಲ್ಲ. ಎಲ್ಲಿ ಬೇಕಾದರೂ ಹುಷಾರಾಗಿರು, ಚಪ್ಪಡಿಯ ಮೇಲೆ ಮಾತ್ರ ಕಣ್ಣುಮುಚ್ಚಿ ಕಾಲಿಡು ಎಂದು ಹೆಂಡತಿಗೆ ಅವನೇ ಹೇಳಿಕೊಟ್ಟಿದ್ದ. ಅಂದು ಅದರ ಮೇಲೆ ಒಂದು ರಟ್ಟಿನ ತುಂಡು ಬಿದ್ದಿತ್ತು. ಗಾಳಿಗೆ ಬಂದ ಕಸವೆಂದುಕೊಂಡ. ಹೆಂಡತಿ ಬಂದಳು, ಚಪ್ಪಲಿ ಬಿಟ್ಟಳು, ರಟ್ಟಿನ ಮೇಲೆ ಕಾಲಿಟ್ಟಳು. ನೀರು ಮುಟ್ಟಲು ಬಗ್ಗಿದವಳು ಅಲ್ಲೇ ಕುಸಿದು ಕೂತಳು. ರಟ್ಟನ್ನು ತೂರಿಕೊಂಡು ಸೂಜಿ ಅಂಗಾಲಿಗೆ ಇಳಿದಿತ್ತು.

ಆಸ್ಪತ್ರೆಯಲ್ಲಿ ಕಾಲು ತೊಳೆದರು, ರಕ್ತ ತೆಗೆದುಕೊಂಡರು. ಒಂದು ತಿಂಗಳು ತಪ್ಪದೆ ನುಂಗಬೇಕೆಂದು ಮಾತ್ರೆ ಕೊಟ್ಟರು. ಆಮೇಲೂ ಬಂದು ರಕ್ತ ಕೊಡುತ್ತಿರಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು. ಮೀನುಗಾರ ಹೆಂಡತಿಯನ್ನು ಮನೆಯಲ್ಲಿ ಮಲಗಿಸಿ, ಹರಿಗೋಲಿನ ಹುಟ್ಟು ತೆಗೆದುಕೊಂಡು, ಹೊತ್ತಿಳಿಯುವ ಮೊದಲೇ ಕೆರೆಗೆ ಬಂದು ಪೊದೆಯ ಮರೆಯಲ್ಲಿ ಕೂತ. ಚಪ್ಪಡಿಯ ಹತ್ತಿರ ಬಂದವನ ಕಾಲು ಮುರಿಯುವುದೆಂದು ನಿಶ್ಚಯಿಸಿದ್ದ. ಕೆಟ್ಟ ಕೋಪ ಅವನಿಗೆ. ಕೋಪದ ಅಡಿಯಲ್ಲಿ ಅದಕ್ಕಿಂತ ಕೆಟ್ಟ ಹೆದರಿಕೆ.

ಬಿಸಿಲು ಇನ್ನೂ ಇರುವಾಗಲೇ ಒಬ್ಬ ಹುಡುಗ ಬಂದ. ತೆಳ್ಳಗಿದ್ದ, ಉದ್ದ ತೋಳಿನ ಅಂಗಿ ಹಾಕಿದ್ದ. ಚಪ್ಪಡಿಯ ಸುತ್ತ ತಿರುಗಿ, ಬಗ್ಗಿ ಅದರ ಹಿಂದೆ ನೋಡಿದ, ಹುಲ್ಲು ಸರಿಸಿ ನೋಡಿದ. ಅವನ ಕೈಯಲ್ಲಿ ಸಿರಿಂಜಿತ್ತು. ಮೀನುಗಾರ ಹುಟ್ಟು ಎತ್ತಿಕೊಂಡು ಎದುರಿಗೆ ಬಂದು ನಿಂತ. ಹುಡುಗ ಓಡಲಿಲ್ಲ.

“ಡಬ್ಬ ಎಲ್ಲಿ ಹೋಯ್ತು ಯಜಮಾನ್ರೇ?” ಎಂದು ಕೇಳಿದ. “ನಾನು ದಿನಾ ಅದಕ್ಕೇ ಹಾಕ್ತಿದ್ದೆ. ನಿನ್ನೆ ಇರಲಿಲ್ಲ. ಅಮ್ಮ ಬರಿಗಾಲಲ್ಲಿ ಓಡಾಡ್ತಾರೆ ಅಂತ ಹುಲ್ಲಿಗೆ ಎಸೀಲಿಲ್ಲ, ಡಬ್ಬ ಇದ್ದ ಜಾಗದಲ್ಲೇ ಇಟ್ಟೆ. ಉರುಳಿ ಬೀಳದೆ ಇರಲಿ ಅಂತ ಕಲ್ಲಿನ ಸಂದಿಗೆ ಸಿಕ್ಕಿಸಿ ಮೇಲೆ ರಟ್ಟು ಮುಚ್ಚಿದ್ದೆ. ಬೆಳಗ್ಗೆ ನೀವು ಆ ಸೂಜಿ ತೆಗೆದ್ರಾ?”

ಮೀನುಗಾರನ ಕೈ ಕೆಳಗಿಳಿಯಿತು. ಅದು ಅವಳ ಕಾಲಿಗೇ ಚುಚ್ಚಿತು ಎಂದ. ಬೈಯಲಿಲ್ಲ, ಸುಮ್ಮನೆ ಹೇಳಿದ. ಹುಡುಗನ ಮುಖದಲ್ಲಿ ಇದ್ದಬದ್ದ ರಕ್ತವೂ ಇಳಿದುಹೋಯಿತು. ಸಿರಿಂಜನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಗೋಡೆಯ ಕಂಡಿಯಿಂದ ಹೊರಗೆ ಹೋದ.

ಗುರುಗಳು ನಿಲ್ಲಿಸಿ ನೀರು ಕುಡಿದರು. ಶಂಭುಲಿಂಗ ತಡೆಯಲಾರದೆ, ಆ ಹೆಂಗಸಿಗೆ ಏನಾಯಿತು ಎಂದು ಕೇಳಿದ.

ಏನೂ ಆಗಲಿಲ್ಲ ಎಂದರು ಗುರುಗಳು. ಆರು ತಿಂಗಳು ಕಾಯಿಸಿ, ರಕ್ತದಲ್ಲಿ ದೋಷವಿಲ್ಲ ಎಂದು ಆಸ್ಪತ್ರೆಯವರು ಬರೆದುಕೊಟ್ಟರು. ಆ ಆರು ತಿಂಗಳು ಗಂಡಹೆಂಡಿರು ಹೇಗೆ ಕಳೆದರೋ ಅದನ್ನು ನನ್ನಿಂದ ಹೇಳಲಾಗದು. ಆಕೆ ಮತ್ತೆ ನೀರಿಗೆ ಇಳಿಯಲಿಲ್ಲ. ಗಂಗಮ್ಮನ ಮೇಲೆ ಸಿಟ್ಟಿಲ್ಲ, ಕಾಲು ಮುಂದಕ್ಕೆ ಬರುವುದಿಲ್ಲ ಎಂದಳು. ಬಲೆಯ ಇನ್ನೊಂದು ತುದಿಗೆ ಆಳಿಲ್ಲದೆ ಮೀನುಗಾರ ಸಣ್ಣ ಬೀಸುಬಲೆಗೆ ಇಳಿದ. ಊರಾಚೆಯ ಕೆರೆಗೆ ಹೋಗುವ ಮಾತು ಎತ್ತಲೇ ಇಲ್ಲ.

ಹುಡುಗ ಹೋದ ಮರುದಿನವೇ ಮೀನುಗಾರ ಡಬ್ಬವನ್ನು ತಂದು ಚಪ್ಪಡಿಯ ಮೇಲೆ ಮೊದಲಿನಂತೆ ಕಟ್ಟಿದ. ಬೆಳಗ್ಗೆ ಬಂದು ಅಲ್ಲಾಡಿಸಿದ. ಸದ್ದಿಲ್ಲ. ಅದರ ಮಾರನೆಯ ದಿನವೂ ಸದ್ದಿಲ್ಲ. ದಡದಲ್ಲಿ ಬಿದ್ದ ಇಪ್ಪತ್ತು ಮೂವತ್ತನ್ನು ಹೆಕ್ಕುವಾಗ ಈಗ ಅವನಿಗೆ ಬೆನ್ನುನೋವು ನೆನಪಾಗುತ್ತಿರಲಿಲ್ಲ. ಡಬ್ಬವನ್ನು ಮಾತ್ರ ದಿನವೂ ಎರಡೆರಡು ಸಲ ಅಲ್ಲಾಡಿಸಿ ನೋಡುತ್ತಿದ್ದ. ಹತ್ತು ದಿನ ನೋಡಿ, ಹುಡುಗನನ್ನು ಹುಡುಕಲು ಹೊರಟ. ನಿನ್ನ ತಪ್ಪೇನಿಲ್ಲ, ಡಬ್ಬ ತೆಗೆದದ್ದು ನಾನು ಎಂದು ಒಂದು ಮಾತು ಹೇಳಬೇಕಿತ್ತು. ಆ ಮಾತು ತಲುಪದಿದ್ದರೆ ಹುಡುಗ ಏನು ಮಾಡಿಕೊಳ್ಳುತ್ತಾನೋ ಎಂಬ ದಿಗಿಲು ಅವನನ್ನು ಕೂರಗೊಡಲಿಲ್ಲ. ಕಂಡಿಯ ಹತ್ತಿರ ಕೂತವರನ್ನು ಕೇಳಿದ. ಬೀಡಾ ಅಂಗಡಿಯಲ್ಲಿ ಕೇಳಿದ. ಆಸ್ಪತ್ರೆಯ ಬಾಗಿಲಲ್ಲೂ ಕೇಳಿದ. ಎಲ್ಲರೂ, ಯಾರು ಬೇಕಿತ್ತು ಎಂದು ತಿರುಗಿ ಕೇಳಿದರು. ತೆಳ್ಳಗಿದ್ದಾನೆ, ಉದ್ದ ತೋಳಿನ ಅಂಗಿ ಹಾಕುತ್ತಾನೆ ಎಂದು ಹೇಳಿದ. ಅಂಥವರು ಬೇಕಾದಷ್ಟಿದ್ದಾರೆ ಎಂದರು. ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಏನೂ ಗೊತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಂಭುಲಿಂಗ ತಲೆ ತಗ್ಗಿಸಿ ಕೂತಿದ್ದ. ಹಾಗಾದರೆ ಬಾಗಿಲು ಮುಚ್ಚುವುದು ಬೇಡ, ಆ ಒಬ್ಬನಿಗಾಗಿ ತೆರೆದೇ ಇಡುತ್ತೇನೆ ಎಂದು ಹೇಳಿದ. ಕತೆ ಅರ್ಥವಾಯಿತೆಂಬ ಸಮಾಧಾನವೂ ಅವನ ದನಿಯಲ್ಲಿ ಇತ್ತು. ಗುರುಗಳು ಅದನ್ನು ಗಮನಿಸಿದರು. ಎದ್ದು, ಅವನ ಭುಜದ ಮೇಲೆ ಕೈಯಿಟ್ಟು ಕೇಳಿದರು.

“ವರ್ಷದಿಂದ ಬರುತ್ತಿದ್ದಾನಲ್ಲ ಶಂಭುಲಿಂಗ, ಅವನ ಹೆಸರೇನು?”

ಶಂಭುಲಿಂಗ ಅದನ್ನು ಎಂದೂ ಕೇಳಿರಲಿಲ್ಲ.