ಪರದೆ ಹಿಂದಿನ ಎಡಗೈ

ಇದು ಖರೇನ ನಡದದ್ದು. ಸುಳ್ಳು ಹೇಳಿದ್ರ ನನ್ನ ಈ ಮೂರು ಬೆರಳಿಗೆ ಇನ್ನ ಮುಂದ ಯಾರ ನಾಡಿನೂ ಸಿಗಬಾರದು.

ನನ್ನ ಶಿಷ್ಯ ಗುರುಸಿದ್ಧ ಕೇಳಿದ: "ಅಜ್ಜಾರ, ಚೀನಾದವರ ವೈದ್ಯಕಿ ದೊಡ್ಡದೋ, ನಮ್ಮ ಆಯುರ್ವೇದ ದೊಡ್ಡದೋ?"

"ಕುಂದ್ರು, ಹೇಳತೀನಿ," ಅಂದೆ.

"ಒಂದು ಪ್ಯಾಟ್ಯಾಗ ಒಬ್ಬ ವೈದ್ಯ ಇದ್ದ. ಅಂಥಿಂಥಾ ವೈದ್ಯ ಅಲ್ಲ. ಮೂರು ಬೆರಳು ಇಟ್ಟರ ಸಾಕು, ನಿನ್ನೆ ಏನು ಉಂಡಿದ್ದಿ ಅಂತ ಹೇಳತಿದ್ದ. ಹನ್ನೆರಡು ಹಳ್ಳಿ ಮಂದಿ ಅವನ ಕಟ್ಟಿ ಮುಂದ ಪಾಳಿ ಹಚ್ಚತಿದ್ರು. ಅದ ಪ್ಯಾಟಿಗೆ ಒಬ್ಬ ಚೀನಾದ ವೈದ್ಯ ಬಂದ. ಅವನೂ ನಾಡಿ ಹಿಡಿಯಾಂವ, ನಾಲಿಗಿ ನೋಡಾಂವ. ಕಷಾಯನೂ ಕೊಡತಿದ್ದ, ಸೂಜಿನೂ ಚುಚ್ಚತಿದ್ದ. ನಮ್ಮ ವೈದ್ಯಗ ಹೊಟ್ಟಿಕಿಚ್ಚು. 'ಗೋಣೀಚೀಲ ಹೊಲದಂಗ ಮಂದೀನ ಹೊಲಿಯಾಕ ಬಂದಾನ' ಅಂತ ಊರೆಲ್ಲಾ ಆಡಕೊಂಡ.

ಖಾನಾವಳಿ ಸಾವಕಾರ ಅಂದ: 'ಬಾಯಿಲೆ ಯಾಕ ಬಡದಾಡತೀರಿ? ನನ್ನ ಪಡಸಾಲ್ಯಾಗ ಪರದೆ ಕಟ್ಟತೀನಿ. ಜಡ್ಡಿದ್ದ ಹೆಣ್ಮಗಳೊಬ್ಬಾಕಿ ಹಿಂದ ಬಂದು ಕೂಡ್ರಲಿ. ಮಾರಿ ತೋರಸಂಗಿಲ್ಲ, ಮಾತಾಡಂಗಿಲ್ಲ. ಬರೇ ಕೈ. ಬ್ಯಾನಿ ಯಾರು ಹೇಳತಾರ ಅವರು ದೊಡ್ಡವರು.'

ವೈದ್ಯ ಕಿಸೆದಾಗ ಇದ್ದಷ್ಟೂ ರೊಕ್ಕ ಪಣಕ್ಕ ಇಟ್ಟ. ಚೀನಾದಾಂವ ನಕ್ಕು ತಾನೂ ಅಷ್ಟ ಇಟ್ಟ.

ಹೆಂಗಸರದು ಎಡಗೈ ನೋಡೂದು ನಮ್ಮ ಪದ್ಧತಿ. ಪರದೆ ಸಂದ್ಯಾಗಿಂದ ಎಡಗೈ ಬಂತು. ವೈದ್ಯ ಹಿಡದ, ನಾಕು ಉಸರಿನಾಗ ಬಿಟ್ಟ. 'ಪಿತ್ತ ಕೆರಳೇತಿ. ಹೊಟ್ಟ್ಯಾಗ ಉರಿ, ಕಣ್ಣಿಗೆ ನಿದ್ದಿ ಇಲ್ಲ' ಅಂದ. ಮಂದಿ ಚಪ್ಪಾಳಿ ಹೊಡದ್ರು.

ಚೀನಾದಾಂವ ಎರಡೂ ಕೈ ಕೇಳಿದ. ಬಲಗೈ ಮ್ಯಾಲ ಸುಟ್ಟ ಕಲಿ ಇತ್ತು. ವೈದ್ಯನೂ ನೋಡಿದ. ಯಾವಕಿನೋ ರೊಟ್ಟಿ ಬಡಿಯಾಕಿ ಅಂದುಕೊಂಡ. ಚೀನಾದಾಂವ ಒಂದಾದ ಮ್ಯಾಲ ಒಂದು ಕೈ ಹಿಡದು ಕುಂತ. ಚಾ ಆರಿ ಹೋತು, ಬಿಡಲಿಲ್ಲ. ಕಡೀಕ ಅಂದ: 'ಯಕೃತ್ತಿನ ಬೆಂಕಿ ಹೊಟ್ಟಿಗೆ ಇಳದೈತಿ. ನಿದ್ದಿ ತಿಂದು ಹಾಕೇತಿ.'

ಸಾವಕಾರ ತೀರ್ಪು ಕೊಟ್ಟ: 'ಇವರು ಪಿತ್ತ ಅಂದ್ರು, ಅವರು ಬೆಂಕಿ ಅಂದ್ರು. ಬ್ಯಾನಿ ಒಂದ. ಸಮ ಸಮ!'

ವೈದ್ಯ ಮೀಸಿ ತಿರುವಿದ. ಚೀನಾದಾಂವ ಮಾತ್ರ ಇನ್ನೂ ಆ ಕೈ ಬಿಟ್ಟಿರಲಿಲ್ಲ. 'ಎಷ್ಟು ದಿನ ಆತು, ತಂಗಿ?' ಅಂದ.

'ಎಂಟು ವರ್ಷರೀ.'

'ಯಾರಿಗೂ ತೋರಸಲಿಲ್ಲೇನು?'

'ಹೊರಗ ಯಾರಿಗೆ ತೋರಸಲ್ರೀ? ನಮ್ಮ ಮನ್ಯಾಗ ವೈದ್ಯರದಾರ.'

ದನಿ ಕೇಳಿ ವೈದ್ಯನ ಕೈ ಮೀಸಿ ಮ್ಯಾಲ ನಿಂತಬಿಡ್ತು. ಮಂದಿ ತಲಿ ಕೆಳಗ ಹಾಕಿದ್ರು. ಅಕಿ ಅವನ ಹೆಂಡ್ತಿ, ಬಾಳವ್ವ. ಇಪ್ಪತ್ತಾರು ವರ್ಷ ಅವನ ಕಷಾಯ ಕುದಿಸಿದಾಕಿ. ಬಲಗೈ ಮ್ಯಾಲಿನ ಕಲಿ ಅವನ ಎಣ್ಣಿ ಕಾಸುವಾಗ ಆದದ್ದು. ಹಿಡದಾಗ ಅವಗ ಗುರುತು ಹತ್ತಲಿಲ್ಲ. ಗುರುತು ಹತ್ತಬೇಕಂದ್ರ ಮೊದಲ ಒಮ್ಮೆನಾದ್ರೂ ಹಿಡದಿರಬೇಕಲ್ಲ."

ಗುರುಸಿದ್ಧ ನನ್ನ ಸಮಾಧಾನಕ್ಕೋ ಏನೋ ಅಂದ: "ಸಮ ಆತಂದ್ರ ಪಣ ಯಾರಿಗೂ ಹೋಗಲಿಲ್ಲ. ಆ ವೈದ್ಯ ಏನೂ ಸೋಲಲಿಲ್ಲ ಬಿಡ್ರಿ, ಅಜ್ಜಾರ."

"ಸೋತೆಪ್ಪಾ. ಯಾರೂ ಕೇಳಲಾರದ ಆ ಚೀನಾದವನ ಮುಂದ ಇಟ್ಟು ಬಂದೆ, ನೂರಾ ಮೂವತ್ತೇಳು ರೂಪಾಯಿ ಎಂಟಾಣೆ."