ಮೂರು ಹೊಲಿಗೆಯ ಟೋಪಿ

ಗುರು ಎಂದರೆ ಗಡ್ಡ ಇರಲೇಬೇಕೆಂದು ಯಾರೂ ಬರೆದಿಟ್ಟಿಲ್ಲ. ಈ ಕಥೆಯ ಗುರು ಒಬ್ಬ ಮುದುಕಿ, ಹೆಸರು ಒರ್ತಾನ್ಸ್. ಪ್ಯಾರಿಸ್ಸಿನಲ್ಲಿ, ಸೆನ್ ನದಿಯ ದಡದಲ್ಲಿ, ಹೆಂಗಸರ ಟೋಪಿ ಮಾಡುವುದು ಅವಳ ಕಸುಬು. ಬರಿದಲೆಯಲ್ಲಿ ಬೀದಿಗಿಳಿಯಲು ಅಲ್ಲಿನ ಹೆಂಗಸರು ನಾಚುತ್ತಿದ್ದ ಕಾಲ ಅದು.

ಶಿಷ್ಯೆಯ ಹೆಸರು ಪೆರಿನ್. ಐದು ವರ್ಷದಿಂದ ಹಿಂದಿನ ಕೋಣೆಯಲ್ಲಿ ಕೂತು ಟೋಪಿಗೆ ಲೈನಿಂಗ್ ಹೊಲಿಯುತ್ತಿದ್ದಳು. ಹೂವು, ಗರಿ, ರಿಬ್ಬನ್ ಕೂರಿಸುವವರಿಗೆ ಮಾತ್ರ ಮುಂದಿನ ಕೋಣೆಯ ಕಿಟಕಿಯ ಪಕ್ಕ ಜಾಗ.

ವರ್ಷಕ್ಕೊಮ್ಮೆ ಶಿಷ್ಯೆ ಒಂದು ಟೋಪಿಯನ್ನು ತಾನೇ ಅಲಂಕರಿಸಬಹುದಿತ್ತು. ಗಿರಾಕಿ ಅದನ್ನು ಹಾಕಿಕೊಂಡು ಮನೆಗೆ ಹೋದರೆ ಶಿಷ್ಯೆಗೆ ಕಿಟಕಿಯ ಪಕ್ಕದ ಕುರ್ಚಿ. ಬಿಟ್ಟುಹೋದರೆ ಇನ್ನೊಂದು ವರ್ಷ ಹಿಂದಿನ ಕೋಣೆ.

ಹೋದ ವರ್ಷ ಪೆರಿನ್ ಕೂರಿಸಿದ ಗರಿ ಬಾಗಿಲಲ್ಲೇ ಕಳಚಿ ಬಿದ್ದಿತ್ತು. ಗಿರಾಕಿ ಟೋಪಿಯನ್ನು ಮೇಜಿನ ಮೇಲೆ ಕುಕ್ಕಿ ಹೋಗಿದ್ದಳು. ಆ ಅವಮಾನ ಪೆರಿನ್‌ಳ ಬೆರಳುಗಳಿಂದ ಇನ್ನೂ ಹೋಗಿರಲಿಲ್ಲ.

ಈ ವರ್ಷ ಅವಳ ಪಾಲಿಗೆ ಬಂದ ಗಿರಾಕಿ ಮಾದಾಮ್ ಲೆಸ್ಕೋ. ಗಂಡ ತೀರಿಕೊಂಡು ಎರಡು ವರ್ಷ. ಅಷ್ಟು ಕಾಲ ಅಡಿಯಿಂದ ಮುಡಿಯವರೆಗೆ ಶೋಕದ ಕಪ್ಪು ಬಟ್ಟೆ. ಇನ್ನು ಮೇಲೆ ನೇರಳೆ ಬಣ್ಣ ತೊಡಬಹುದೆಂದು ಆ ಊರಿನ ರೂಢಿ.

ಪೆರಿನ್ ಬೂದು ಟೋಪಿಗೆ ಮೂರು ನೇರಳೆ ರೇಷ್ಮೆ ಹೂಗಳನ್ನು ಕೂರಿಸಿದಳು. ನೋಡಿದವರೆಲ್ಲ ಭೇಷ್ ಎಂದರು.

ಮಾದಾಮ್ ಲೆಸ್ಕೋ ಬಂದು ಹಾಕಿಕೊಂಡಳು. ಕನ್ನಡಿಯ ಮುಂದೆ ತಲೆ ತಿರುಗಿಸಿದಳು. ಹೂಗಳು ಕದಲಲಿಲ್ಲ.

"ಚೆನ್ನಾಗಿದೆ" ಎಂದಳು. ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. "ನನಗಿನ್ನೂ ಇದು ಬೇಡ ಅನ್ಸುತ್ತೆ."



"ಕಾಲು ಗಂಟೆ ಕೂತಿರಿ, ಮಾದಾಮ್" ಎಂದು ಒರ್ತಾನ್ಸ್ ಟೋಪಿ ಎತ್ತಿಕೊಂಡು ಒಳಗೆ ನಡೆದಳು. ಪೆರಿನ್ ಹಿಂದೆಯೇ ಓಡಿದಳು.

"ಎಷ್ಟು ಹೊಲಿಗೆ ಹಾಕಿದೀಯ?"

"ಇಪ್ಪತ್ತೆರಡು."

"ಮೂರು ಹೂವಿಗೆ?"

"ಬಿರುಗಾಳಿ ಬೀಸಿದ್ರೂ ಬೀಳಲ್ಲ, ಮಾದಾಮ್."

"ನಾನೂ ಅದನ್ನೇ ಹೇಳ್ತಿರೋದು."

ಮುದುಕಿ ಕತ್ತರಿ ತೆಗೆದುಕೊಂಡು ಇಪ್ಪತ್ತೆರಡನ್ನೂ ಕತ್ತರಿಸಿದಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ಪೆರಿನ್‌ಗೆ.

"ಈಗ ಹಾಕು. ಹೂವಿಗೆ ಒಂದೇ ಹೊಲಿಗೆ."

"ಉದುರಿಹೋಗುತ್ತೆ!"

"ಹಾಕು."

ಪೆರಿನ್ ಮೂರು ಹೊಲಿಗೆ ಹಾಕಿದಳು. ಒರ್ತಾನ್ಸ್ ಅದನ್ನು ಎಳೆದು ನೋಡಲೂ ಇಲ್ಲ.

ಮಾದಾಮ್ ಲೆಸ್ಕೋ ಟೋಪಿಯನ್ನು ಮತ್ತೆ ಹಾಕಿಕೊಂಡಳು. ತಲೆ ತಿರುಗಿಸಿದಳು. ಹೂಗಳು ಅಲುಗಿದವು. ಇನ್ನೊಂದು ಕಡೆ ತಿರುಗಿಸಿದಳು. ಮತ್ತೆ ಅಲುಗಿದವು. ಅವಳು ಟೋಪಿಯನ್ನು ತೆಗೆಯದೆ ಹಾಗೇ ಬಾಗಿಲತ್ತ ನಡೆದಳು.

"ಸೇತುವೆ ದಾಟೋವರೆಗೂ ಅವರ ಹಿಂದೆ ಹೋಗು" ಎಂದಳು ಒರ್ತಾನ್ಸ್.

ಅರ್ಧ ಗಂಟೆಯ ಮೇಲೆ ಪೆರಿನ್ ವಾಪಸ್ ಬಂದಳು. ಕಣ್ಣು ಕೆಂಪಗಾಗಿತ್ತು.

"ಮತ್ತೆ ಬಿತ್ತು, ಮಾದಾಮ್. ಸೇತುವೆ ಮೇಲೆ ಗಾಳಿ ಬಂತು, ಒಂದು ಹೂವು ಕಿತ್ಕೊಂಡು ಹೋಯ್ತು."

"ನೀನು ಹಿಡಿಲಿಲ್ವಾ?"

"ನನಗಿಂತ ಮುಂಚೆ ಅವರೇ ಓಡಿದ್ರು."

"ಯಾರು?"

"ಮಾದಾಮ್ ಲೆಸ್ಕೋ. ಲಂಗ ಎತ್ತಿ ಹಿಡ್ಕೊಂಡು, ಅಷ್ಟೊಂದು ಜನರ ಮಧ್ಯೆ ಓಡಿದ್ರು. ಇನ್ನೇನು ಸಿಕ್ತು ಅನ್ನೋವಾಗ ಹೂವು ಕಂಬಿ ಸಂದಿಯಿಂದ ಹೊಳೆಗೆ ಹಾರಿತು."

"ಬೈದ್ರಾ?"

"ಇಲ್ಲ. ಕಂಬಿ ಹಿಡ್ಕೊಂಡು ಬಗ್ಗಿ ನೋಡಿದ್ರು. 'ಹೋಯ್ತಲ್ಲೇ ಹುಡುಗಿ!' ಅಂತ ಅಂದು ನಗೋಕೆ ಶುರು ಮಾಡಿದ್ರು. ಏದುಸಿರು ಬಿಡ್ತಾ ಇದ್ರೂ ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬರೋವಷ್ಟು ನಕ್ಕರು."

"ಈಗ ಟೋಪಿ ಎಲ್ಲಿದೆ?"

"ಅವರ ತಲೆ ಮೇಲೇ ಇದೆ. ಉಳಿದ ಎರಡು ಹೂವಿನ ಜೊತೆ ಹಾಗೇ ಮನೆಗೆ ಹೋದ್ರು." ಪೆರಿನ್ ಮೂಗು ಒರೆಸಿಕೊಂಡಳು. "ಆದ್ರೆ ಬಿದ್ದಿದ್ದು ಬಿದ್ದಂಗೇ ಅಲ್ವಾ, ಮಾದಾಮ್? ಇನ್ನೊಂದೇ ಒಂದು ಹೊಲಿಗೆ ಹಾಕ್ಬೇಕಿತ್ತು."

ಒರ್ತಾನ್ಸ್ ಕಿಟಕಿಯ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಯ ಗಂಟನ್ನು ಕೆಳಗಿಳಿಸಿದಳು. ಸೆರಗಂಚಿನಂತೆ ಇಳಿಬಿದ್ದಿದ್ದ ತನ್ನ ಏಪ್ರನ್ನಿನ ತುದಿಯಿಂದ ಕುರ್ಚಿಯನ್ನು ಒರೆಸಿ, ಶಿಷ್ಯೆಯ ಕಡೆಗೆ ಸರಿಸಿದಳು.

"ಹೌದು, ಹೂವಿಗೆ ಇನ್ನೊಂದು ಹೊಲಿಗೆ ಬೇಕಿತ್ತು" ಎಂದಳು. "ಅವರಿಗೆ ಬೇಕಿರಲಿಲ್ಲ."